ಕೆ.ಕೆ. ಹೆಬ್ಬಾರರ ಕಲೆಯಲ್ಲಿ ಪೂರ್ವ-ಪಶ್ಚಿಮಗಳ ಸಮನ್ವಯ

ಬೆಂಗಳೂರು ದಂಡುಪ್ರದೇಶದ ಅಂಚಿನ ಕಸ್ತೂರಬಾ ರಸ್ತೆಯಲ್ಲಿರುವ ವೆಂಕಟಪ್ಪ ಚಿತ್ರಶಾಲೆಯ ಸಂಗ್ರಹದಲ್ಲಿ ಕೆ.ಕೆ. ಹೆಬ್ಬಾರರ (1911-1996) ಕೃತಿಗಳೂ ಸೇರಿವೆ. ಆಧುನಿಕ ಭಾರತೀಯ ಚಿತ್ರಕಲೆಯು ಪಶ್ಚಿಮದ ಅನುಕರಣೆಯೆಂಬ ಆಕ್ಷೇಪಕ್ಕೆ ಅವರ ಕಲಾಜೀವನವೇ ಸಮರ್ಥ ಉತ್ತರವಾಗಿದೆ.

ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ ಜನಿಸಿದ ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಪಾಶ್ಚಾತ್ಯ ವಾಸ್ತವಶೈಲಿಯನ್ನು ಅಭ್ಯಸಿಸಿದರು. ಅದರಿಂದ ತೃಪ್ತರಾಗದೆ ಅಜಂತಾ ಭಿತ್ತಿಚಿತ್ರಗಳ ಹಾಗೂ ಜೈನ ಹಸ್ತಪ್ರತಿಗಳ ರೇಖಾಸಂಪತ್ತಿನತ್ತ ಹೊರಳಿದರು. ಲಯದ ಮರ್ಮವನ್ನರಿಯಲು ಕಥಕ್ ನೃತ್ಯವನ್ನೂ ಕಲಿತರು.

1949-50ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ನಲ್ಲಿ ಅಭ್ಯಾಸ ಮಾಡಿದ ಅವರು ತೈಲವರ್ಣದ ಹೊಸ ಸಾಧ್ಯತೆಗಳನ್ನು ಅರಗಿಸಿಕೊಂಡರು. ಆದರೆ ಅವರ ಚಿತ್ರಗಳ ವಸ್ತು ಗ್ರಾಮೀಣ ದುಡಿಮೆ, ಹಬ್ಬ ಹಾಗೂ ನೃತ್ಯವಾಗಿಯೇ ಉಳಿಯಿತು. ವರ್ಣವಿಧಾನವು ಪಶ್ಚಿಮದಿಂದ ಬಂದರೂ ಅದಕ್ಕೆ ಚಲನೆಯನ್ನಿತ್ತದ್ದು ದೇಶೀಯ ರೇಖೆ. ಆದುದರಿಂದ ಅವರ ಸಮನ್ವಯವು ಎರವಲಲ್ಲ, ಆಯ್ಕೆ ಎನ್ನಬೇಕಾಗುತ್ತದೆ.