ಬೆನ್ನುನೋವು ಮರಳಿ ಬರುವುದೇಕೆ? ಒಳಸ್ನಾಯುಗಳ ಪಾತ್ರ

ನೀರು ತುಂಬಿದ ಬಕೆಟ್ ಎತ್ತಲು ಬಗ್ಗಿದವರು ಹಾಗೆಯೇ ಸೊಂಟ ಹಿಡಿದು ಕುಳಿತುಬಿಡುವ ಪ್ರಸಂಗ ಯಾವ ಮನೆಗೂ ಹೊಸತಲ್ಲ. ನಾಲ್ಕು ದಿನ ಹಾಸಿಗೆ, ಒಂದಿಷ್ಟು ಮಾತ್ರೆ, ಮುಲಾಮು, ಬಿಸಿನೀರಿನ ಶಾಖ. ನೋವು ಇಳಿಯುತ್ತದೆ. ಕೆಲವು ತಿಂಗಳ ಬಳಿಕ ಅದೇ ಜಾಗದಲ್ಲಿ ಅದೇ ನೋವು ಮತ್ತೆ ಕಾಣಿಸಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನರು ಕೆಳಬೆನ್ನಿನ ನೋವಿನಿಂದ ಬಳಲುತ್ತಿದ್ದರು. ಇವರಲ್ಲಿ ಬಹುಪಾಲು ಮಂದಿಗೆ, ಇದೇ ಕಾರಣವೆಂದು ಬೊಟ್ಟುಮಾಡಿ ತೋರಿಸಬಹುದಾದ ರೋಗವಾಗಲೀ ಮೂಳೆಯ ದೋಷವಾಗಲೀ ಇರುವುದಿಲ್ಲ.

ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5, ಹೀಗೆ ಚಲಿಸಬಲ್ಲ 24 ಮಣಿಗಳನ್ನು ಒಂದರ ಮೇಲೊಂದು ಜೋಡಿಸಿದ ಕಂಬವೇ ಬೆನ್ನೆಲುಬು. ಇದು ತಾನಾಗಿಯೇ ಗಟ್ಟಿ ಎಂಬುದು ಜನರ ನಂಬಿಕೆ. ವಾಸ್ತವ ಬೇರೆ. ಸ್ನಾಯುಗಳನ್ನು ತೆಗೆದು, ಡಿಸ್ಕ್ ಮತ್ತು ಅಸ್ಥಿರಜ್ಜುಗಳನ್ನು ಮಾತ್ರ ಉಳಿಸಿಕೊಂಡ ಸೊಂಟದ ಭಾಗದ ಬೆನ್ನೆಲುಬು ಕೇವಲ 9 ಕಿಲೋದಷ್ಟು ಭಾರಕ್ಕೆ ಬಾಗಿಬಿಡುತ್ತದೆಂದು 1992ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಮನುಷ್ಯನ ಮೇಲರ್ಧ ದೇಹದ ತೂಕವೇ ಇದರ ಹಲವು ಪಟ್ಟು. ಡೇರೆಯ ಕಂಬವನ್ನು ಸುತ್ತಲಿನ ಹಗ್ಗಗಳು ಎಳೆದು ನಿಲ್ಲಿಸುವಂತೆ ಬೆನ್ನೆಲುಬನ್ನು ಸ್ನಾಯುಗಳು ನಿಲ್ಲಿಸಿವೆ.

ಈ ಕೆಲಸದಲ್ಲಿ ಮುಖ್ಯವಾದವು ‘ಕೋರ್’ ಸ್ನಾಯುಗಳು. ಸಿನಿಮಾ ನಾಯಕರು ಅಂಗಿ ಕಳಚಿ ತೋರಿಸುವ ‘ಸಿಕ್ಸ್ ಪ್ಯಾಕ್’ ಇದರ ಹೊರಪದರ ಮಾತ್ರ. ಅದಕ್ಕೂ ಒಳಗೆ ಹೊಟ್ಟೆಯನ್ನು ನಡುಪಟ್ಟಿಯಂತೆ ಅಡ್ಡಡ್ಡ ಸುತ್ತಿರುವುದು ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್. ಬೆನ್ನಿನಲ್ಲಿ ಮಣಿಯಿಂದ ಮಣಿಗೆ ಹೆಣೆದುಕೊಂಡಿರುವುದು ಮಲ್ಟಿಫಿಡಸ್. ಮೇಲೆ ವಪೆ, ಕೆಳಗೆ ವಸ್ತಿಕುಹರದ ತಳದ ಸ್ನಾಯುಗಳು. ಇವೆಲ್ಲ ಒಟ್ಟಿಗೆ ಬಿಗಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ ಬೆನ್ನಿಗೆ ಆಸರೆಯಾಗುತ್ತದೆ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪಾಲ್ ಹಾಡ್ಜಸ್ ಮತ್ತು ಕರೋಲಿನ್ ರಿಚರ್ಡ್‌ಸನ್ 1996ರಲ್ಲಿ ಕುತೂಹಲದ ಸಂಗತಿಯೊಂದನ್ನು ಪ್ರಕಟಿಸಿದರು. ಆರೋಗ್ಯವಂತರು ತೋಳನ್ನು ಥಟ್ಟನೆ ಎತ್ತುವಾಗ, ತೋಳಿನ ಸ್ನಾಯುವಿಗಿಂತಲೂ ಮೊದಲೇ ಹೊಟ್ಟೆಯ ಒಳಸ್ನಾಯು ಬಿಗಿಯುತ್ತದೆ. ಬೆನ್ನುನೋವಿನ ಇತಿಹಾಸ ಉಳ್ಳವರಲ್ಲಿ ಈ ಬಿಗಿತ ತಡವಾಗಿತ್ತು. ಅಂದರೆ ಕೊರತೆ ಶಕ್ತಿಯದಲ್ಲ, ಸಮಯಪ್ರಜ್ಞೆಯದು.

ಅದೇ ತಂಡದ ಜೂಲಿ ಹೈಡ್ಸ್ ನಡೆಸಿದ ಅಧ್ಯಯನಗಳು ಇನ್ನೂ ಮುಖ್ಯವಾದವು. ಬೆನ್ನುನೋವು ಬಂದ ಬದಿಯಲ್ಲಿ ಮಲ್ಟಿಫಿಡಸ್ ಸೊರಗುತ್ತದೆ. ನೋವು ಹೋದ ಮಾತ್ರಕ್ಕೆ ಅದು ತಾನಾಗಿ ಚೇತರಿಸಿಕೊಳ್ಳುವುದಿಲ್ಲ. ಮೊದಲ ಬಾರಿ ನೋವು ಕಂಡ 39 ಮಂದಿಯನ್ನು ಅವರು ಗಮನಿಸಿದರು. ಒಳಸ್ನಾಯುಗಳಿಗೆ ವ್ಯಾಯಾಮ ಮಾಡಿದವರಲ್ಲಿ ಒಂದು ವರ್ಷದೊಳಗೆ ಶೇ. 30ರಷ್ಟು ಮಂದಿಗೆ ನೋವು ಮರಳಿದರೆ, ಬರೀ ಔಷಧ ಮತ್ತು ಸಲಹೆ ಪಡೆದವರಲ್ಲಿ ಈ ಪ್ರಮಾಣ ಶೇ. 84 ಇತ್ತು. ಇದು 2001ರಲ್ಲಿ ಪ್ರಕಟವಾಯಿತು. ಅಧ್ಯಯನ ಚಿಕ್ಕದು ನಿಜ. ಆದರೆ ಅಂತರ ಚಿಕ್ಕದಲ್ಲ.

ಮುಂದೆ ‘ಕೋರ್’ ಎಂಬುದು ಜಿಮ್‌ಗಳ ಮಂತ್ರವಾಯಿತು, ವ್ಯಾಪಾರವೂ ಆಯಿತು. ಇಲ್ಲಿ ಎಚ್ಚರ ಬೇಕು. ದೀರ್ಘಕಾಲದ ಬೆನ್ನುನೋವಿಗೆ ಈ ಬಗೆಯ ವ್ಯಾಯಾಮ ಉಪಯುಕ್ತವಾದರೂ ಇತರ ವ್ಯಾಯಾಮಗಳಿಗಿಂತ ಮೇಲಲ್ಲವೆಂದು 2016ರ ಕಾಕ್ರೇನ್ ಪರಾಮರ್ಶೆ ತೀರ್ಮಾನಿಸಿತು. ಬೆಂಗಳೂರಿನ ಎಸ್-ವ್ಯಾಸದಲ್ಲಿ 80 ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ವಾರದ ವಸತಿಸಹಿತ ಯೋಗ ಶಿಬಿರವೂ ನೋವಿನ ತೊಂದರೆಯನ್ನು ತಗ್ಗಿಸಿತ್ತು. ನಿಲ್ಲಿಸದೆ ಮಾಡುವುದೇ ಮುಖ್ಯ.

ಆದರೆ ಮಲಗಿದಲ್ಲಿಂದ ಪೂರ್ತಿ ಎದ್ದು ಕುಳಿತುಕೊಳ್ಳುವ ‘ಸಿಟ್-ಅಪ್’ ನೋವುಳ್ಳ ಬೆನ್ನಿಗೆ ಹೇಳಿಸಿದ್ದಲ್ಲ. ಅದು ಸೊಂಟದ ಮಣಿಗಳ ಮೇಲೆ 3,000 ನ್ಯೂಟನ್, ಅಂದರೆ 300 ಕಿಲೋ ಮೀರಿದ ಒತ್ತಡ ಹೇರುತ್ತದೆಂದು ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಅಳೆದು ತೋರಿಸಿದರು. ಅವರು ಸೂಚಿಸುವುದು ಮೂರು ಸರಳ ವ್ಯಾಯಾಮಗಳನ್ನು: ಸೊಂಟದ ಕೆಳಗೆ ಅಂಗೈಯಿಟ್ಟು ತಲೆ, ಭುಜಗಳನ್ನಷ್ಟೇ ತುಸು ಎತ್ತುವುದು, ಒಂದು ಬದಿಗೆ ಮಲಗಿ ಮೊಣಕೈ ಊರಿ ಸೊಂಟ ಎತ್ತಿ ಹಿಡಿಯುವುದು, ಅಂಬೆಗಾಲಿನ ಭಂಗಿಯಲ್ಲಿ ಒಂದು ಕೈಯನ್ನೂ ಅದರ ಎದುರು ಬದಿಯ ಕಾಲನ್ನೂ ಚಾಚುವುದು. ಪ್ರತಿ ಭಂಗಿಯಲ್ಲಿ ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲಬೇಕಿಲ್ಲ, ಉಸಿರು ಬಿಗಿಹಿಡಿಯಬಾರದು. ಮೊದಲ ಪಾಠವನ್ನು ಫಿಸಿಯೋಥೆರಪಿಸ್ಟ್ ಬಳಿಯೇ ಕಲಿಯುವುದು ಕ್ಷೇಮ.

ಔಷಧದಂಗಡಿಯ ಸೊಂಟದ ಬೆಲ್ಟ್ ಈ ಸ್ನಾಯುಗಳಿಗೆ ಬದಲಿಯಲ್ಲ. ದೀರ್ಘಕಾಲದ ನೋವಿಗೆ ಬೆಲ್ಟ್ ಮತ್ತು ಟ್ರಾಕ್ಷನ್ ಎರಡನ್ನೂ ವಾಡಿಕೆಯಾಗಿ ನೀಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಹೇಳುತ್ತದೆ. ದಿನಗಟ್ಟಲೆ ಮಲಗುವುದೂ ಹಿತವಲ್ಲ. ಆದಷ್ಟು ಬೇಗ ಎದ್ದು ಓಡಾಡುವುದೇ ಮೇಲು.

ಎಲ್ಲ ಬೆನ್ನುನೋವೂ ಸ್ನಾಯುವಿನದಲ್ಲ. ನೋವಿನ ಜೊತೆಗೆ ಮಲಮೂತ್ರದ ಹಿಡಿತ ತಪ್ಪುವುದು, ಮೂತ್ರ ಕಟ್ಟುವುದು, ತೊಡೆಸಂದಿ ಮರಗಟ್ಟುವುದು, ಕಾಲು ಸೋಲುತ್ತ ಹೋಗುವುದು ಕಂಡುಬಂದರೆ ಅಂದೇ ಆಸ್ಪತ್ರೆಗೆ ಧಾವಿಸಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಅಥವಾ ಬಿದ್ದ ಬಳಿಕ ಶುರುವಾದ ನೋವಿಗೂ ಮೊದಲು ವೈದ್ಯರ ಪರೀಕ್ಷೆ, ವ್ಯಾಯಾಮ ಆಮೇಲೆ.