ದಂತವೈದ್ಯನ ಪದವಿಯೂ ಪರೀಕ್ಷೆಯೂ

ಹಲ್ಲುನೋವಿನಿಂದ ನರಳುವವನಿಗೆ ವೈದ್ಯರ ಗೋಡೆಯ ಮೇಲಿನ ಪದವಿಪತ್ರವನ್ನು ಓದುವ ವ್ಯವಧಾನವಿರುವುದಿಲ್ಲ. ಅವನ ಪರವಾಗಿ ಅದನ್ನು ಓದಬೇಕಾದವರು ಯಾರು? ನಮ್ಮ ದೇಶದಲ್ಲಿ ಈ ಪ್ರಶ್ನೆ ಬೆಳೆದುಬಂದ ಬಗೆಯನ್ನು ನೆನೆದಾಗ ನನಗೆ ಸೋಜಿಗವೆನಿಸುತ್ತದೆ.

ರಫೀಯುದ್ದೀನ್ ಅಹಮದ್ ಅವರು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಿಂದ 1915ರಲ್ಲಿ ದಂತವೈದ್ಯ ಪದವಿ ಪಡೆದು, ಸ್ವದೇಶಕ್ಕೆ ಮರಳಿ, 1920ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಲ ದಂತವೈದ್ಯ ಕಾಲೇಜನ್ನು ತೆರೆದರು. ಅವರ ವಿದೇಶೀ ಪದವಿಯನ್ನು ಒರೆಗೆ ಹಚ್ಚುವ ಕಾನೂನು ಆಗ ಇರಲಿಲ್ಲ. ಬಂಗಾಳದಲ್ಲಿ ದಂತವೈದ್ಯರ ಶಾಸನ ಬಂದದ್ದೇ 1939ರಲ್ಲಿ. ಇಡೀ ದೇಶಕ್ಕೆ ಅನ್ವಯಿಸುವ ಅಧಿನಿಯಮ 1948ರಲ್ಲಿ ಬಂದಾಗ ನೋಂದಣಿ ಪುಸ್ತಕ ಎರಡು ಭಾಗವಾಯಿತು. ಮಾನ್ಯ ಪದವೀಧರರು ‘ಎ’ ಭಾಗದಲ್ಲಿ. ಪದವಿಯಿಲ್ಲದಿದ್ದರೂ 5 ವರ್ಷಕ್ಕೆ ಕಡಮೆಯಿಲ್ಲದಂತೆ ಈ ವೃತ್ತಿಯಿಂದಲೇ ಜೀವಿಸಿದವರು ‘ಬಿ’ ಭಾಗದಲ್ಲಿ. ಅಂದು ಕಾನೂನು ಬರಿಯ ಅನುಭವಕ್ಕೂ ಮಣೆ ಹಾಕಿತು.

ಕಾಲ ಬದಲಾಯಿತು. ಭಾರತೀಯ ದಂತವೈದ್ಯ ಪರಿಷತ್ತಿನ 2009ರ ನಿಯಮಾವಳಿ, ಹೊರದೇಶಗಳಲ್ಲಿ ಓದಿ ಬಂದ ಭಾರತೀಯರಿಗೆ ನೋಂದಣಿಗೆ ಮುನ್ನ ಸ್ಕ್ರೀನಿಂಗ್ ಪರೀಕ್ಷೆಯನ್ನು ವಿಧಿಸಿತು. ವರ್ಷಗಟ್ಟಲೆ ಓದಿ, ಸಾಲ ಹೊತ್ತು ಬಂದವರಿಗೆ ಇದು ಅವಮಾನವೆನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ರೋಗಿಯ ಬಾಯಿ ಯಾವ ದೇಶದ ಪದವಿಗೂ ಪ್ರಯೋಗಶಾಲೆಯಲ್ಲ.

ನನ್ನ ಶಂಕೆ ಬೇರೆ. ಪರದೇಶದಿಂದ ಬಂದವನನ್ನು ತೂಗುವ ತಕ್ಕಡಿ ಮನೆಯವನಿಗೂ ಬೇಡವೇ? 2023ರ ರಾಷ್ಟ್ರೀಯ ದಂತ ಆಯೋಗ ಅಧಿನಿಯಮವು ಇಲ್ಲಿಯೇ ಓದಿದವರಿಗೂ ಪರವಾನಗಿಗೆ ಮುನ್ನ ನಿರ್ಗಮನ ಪರೀಕ್ಷೆಯನ್ನು ಹೇಳಿತು. ತಕ್ಕಡಿ ಒಂದೇ ಆದಾಗ ಪರೀಕ್ಷೆಯಲ್ಲಿ ಅವಮಾನವಿಲ್ಲ. ಆದರೆ ಕೈಯ ಹದವನ್ನೂ ಅದು ತೂಗಬೇಕು. ನೋಯುವವನಿಗೆ ಬೇಕಾದದ್ದು ಅದೇ.