ಯಂತ್ರವು ಉತ್ತರಪತ್ರಿಕೆ ತಿದ್ದುವ ಮುನ್ನ

ಕೃತಕ ಬುದ್ಧಿಮತ್ತೆಯಿಂದ ಉತ್ತರಪತ್ರಿಕೆ ತಿದ್ದಿಸಬಾರದೇಕೆ ಎಂದು ಹಳೆಯ ಶಿಷ್ಯರು ಆಗಾಗ ಕೇಳುತ್ತಾರೆ.

ನಮ್ಮ ಪರೀಕ್ಷೆಗಳಿಗೆ ಯಂತ್ರ ಬಂದದ್ದು ಮೆಲ್ಲಮೆಲ್ಲನೆ. ಎಸ್.ಎಸ್.ಎಲ್.ಸಿ. ಉತ್ತರಗಳನ್ನು ಶಿಕ್ಷಕರೇ ಓದಿ ಅಂಕ ನೀಡುತ್ತ ಬಂದರು. ಸಿ.ಇ.ಟಿ.ಗೆ ಓ.ಎಂ.ಆರ್. ಹಾಳೆ ಬಂದಿತು, ಅದನ್ನು ನೋಡುವ ಯಂತ್ರ ಕಪ್ಪಾದ ವೃತ್ತವನ್ನಷ್ಟೇ ಗುರುತಿಸೀತು, ವಾಕ್ಯವನ್ನಲ್ಲ. 2024ರಲ್ಲಿ ಎಸ್.ಎಸ್.ಎಲ್.ಸಿ. ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದಾಗ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ನೀಡಿದ ಮೇಲೆ!

ಮುಂದಿನ ಹೆಜ್ಜೆಗೆ ಯೋಜನೆ ಹಾಕುವವರು ಇಂಗ್ಲೆಂಡಿನ 2020ರ ಪ್ರಕರಣವನ್ನು ಓದಬೇಕು. ಕೊರೋನಾದಿಂದ ಎ-ಲೆವೆಲ್ ಪರೀಕ್ಷೆ ರದ್ದಾದಾಗ ಆಫ್‌ಕ್ವಾಲ್ ಸಂಸ್ಥೆಯು ಗಣಿತಸೂತ್ರವೊಂದರಿಂದ ಶ್ರೇಣಿ ನಿರ್ಧರಿಸಿತು. ಆಯಾ ಶಾಲೆಯ ಹಿಂದಿನ ವರ್ಷಗಳ ಫಲಿತಾಂಶವೂ ಅದಕ್ಕೆ ಆಧಾರವಾಗಿತ್ತು. ಶಿಕ್ಷಕರು ಅಂದಾಜಿಸಿದ ಶ್ರೇಣಿಗಳಲ್ಲಿ ಸುಮಾರು ಶೇ. 39ರಷ್ಟು ಕೆಳಗಿಳಿದವು. ಆಗಸ್ಟ್ 13ರಂದು ಪ್ರಕಟವಾದ ಫಲಿತಾಂಶವನ್ನು 17ರಂದು ಕೈಬಿಡಬೇಕಾಯಿತು. ಅದು ಕೃತಕ ಬುದ್ಧಿಮತ್ತೆಯೂ ಅಲ್ಲ, ಬರಿಯ ಅಂಕಿಅಂಶದ ಲೆಕ್ಕ.

ಇದನ್ನು ನಮ್ಮ ಚಾಂಪಿಯನ್ ರೀಫ್ಸ್‌ಗೆ ಅನ್ವಯಿಸಿ ನೋಡಿರಿ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಬೆಳಗಿನ ಜಾವದ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವವರ ಮಕ್ಕಳು ಇಲ್ಲಿ ಓದುತ್ತಾರೆ. ಮನೆಯಲ್ಲಿ ತಮಿಳೋ ತೆಲುಗೋ, ಶಾಲೆಯಲ್ಲಿ ಕನ್ನಡವೋ ಇಂಗ್ಲಿಷೋ. ಶಾಲೆಯ ಹಳೆಯ ಫಲಿತಾಂಶದಿಂದ ಇಂಥ ಮಗುವನ್ನು ಅಳೆಯುವುದು ಅನ್ಯಾಯ. ಒತ್ತಕ್ಷರ ತಪ್ಪಿದರೂ ವಿಚಾರ ಸರಿಯಿರುವ ಆ ಮಗುವಿನ ಕೈಬರಹವನ್ನು ಯಂತ್ರ ಹೇಗೆ ಓದುತ್ತದೆಂದು ಮೊದಲು ಪರೀಕ್ಷಿಸಬೇಕು. ಯಾವ ಯಂತ್ರ ಕೊಳ್ಳಬೇಕೆಂಬುದು ಆಮೇಲಿನ ಮಾತು. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದವರ ಉತ್ತರಗಳನ್ನಂತೂ ಶಿಕ್ಷಕರೇ ಓದಲಿ.